ಕೂಸು ನೋಡೋಕೆ ಮೊದಲು ತಾಯಿ ನೋಡಿ: ಮೈಸೂರಿನ ಇನ್ನೂರು ವರ್ಷದ ಪಾಠ

ಸಣ್ಣ ಕೂಸಿರುವ ಮನೆಯಲ್ಲಿ ಗಡಿಯಾರ ಇರೋದು ಹೆಸರಿಗೆ ಮಾತ್ರ. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೇ ಕೂಸು ಉಚ್ಚೆ ಹೊಯ್ದಿರುತ್ತದೆ. ಬಟ್ಟೆ ಬದಲಾಯಿಸಿ ಬರುವಷ್ಟರಲ್ಲಿ ದೊಡ್ಡದು ಹಿಟ್ಟಿನ ಡಬ್ಬ ಮಗುಚಿ, ಮೈಗೆಲ್ಲ ಬಳಿದುಕೊಂಡು ನಗುತ್ತಿರುತ್ತದೆ. ಬೈಯೋಣ ಅಂತ ಬಾಯಿ ತೆರೆದವಳಿಗೆ ನಗು ಬಂದುಬಿಡುತ್ತದೆ. ಸಂಜೆ ಗಂಡ ಮನೆಗೆ ಬಂದು ‘ಬೆಳಗ್ಗೆಯಿಂದ ಏನು ಮಾಡಿದೆ?’ ಅಂತ ಕೇಳಿದರೆ ತೋರಿಸೋಕೆ ಏನೂ ಇರೋದಿಲ್ಲ. ಮಾಡಿದ್ದೆಲ್ಲ ನಾಳೆ ಮತ್ತೆ ಮಾಡಬೇಕಾದ ಕೆಲಸವೇ.

ನಮ್ಮ ಇತಿಹಾಸದ ಪುಸ್ತಕಗಳೂ ಆ ಗಂಡನ ಹಾಗೆಯೇ. ಮೈಸೂರು ಅಂದರೆ ಅರಮನೆ, ದಸರಾ, ಕನ್ನಂಬಾಡಿ ಕಟ್ಟೆ, ದಿವಾನರು ಅಂತ ಬರೆದಿವೆ. ಅದೇ ಊರಿನಲ್ಲಿ ರಾತ್ರಿ ಮೂರು ಗಂಟೆಗೆ ಜೋಲಿ ತೂಗಿದವರ ಲೆಕ್ಕ ಎಲ್ಲೂ ಇಲ್ಲ.

ಆದರೂ ಹುಡುಕಿದರೆ ಕೆಲವು ಗುರುತು ಸಿಗುತ್ತವೆ. ಒಂದು ಚಿತ್ರ, ಒಂದು ಸರ್ಕಾರಿ ಆದೇಶ, ಆಸ್ಪತ್ರೆಯ ಕೆಲವು ಹಳೇ ಲೆಡ್ಜರ್ ಪುಸ್ತಕ, ಒಂದು ಬಟ್ಟಲು ರಾಗಿ ಸರಿ, ಒಂದು ಕಾದಂಬರಿ, ಒಂದು ಅಂಗನವಾಡಿ. ಎಲ್ಲವೂ ಮೈಸೂರಿನವು ಅಥವಾ ಮೈಸೂರಿನ ಮಗ್ಗುಲಿನವು. ಇವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಂದೇ ಮಾತು ಕಾಣುತ್ತದೆ. ಕೂಸು ಚೆನ್ನಾಗಿರಬೇಕಾದರೆ ಮೊದಲು ಅದರ ತಾಯಿ ಚೆನ್ನಾಗಿರಬೇಕು. ಕೇಳೋಕೆ ಸಣ್ಣ ಮಾತು. ಆದರೆ ಇದನ್ನು ಒಪ್ಪಿಕೊಳ್ಳೋಕೆ ನಮಗೆ ಇನ್ನೂರು ವರ್ಷ ಹಿಡಿದಿದೆ, ಇನ್ನೂ ಪೂರ್ತಿ ಒಪ್ಪಿಲ್ಲ.

ತೋಳಿಂದ ತೋಳಿಗೆ ಬಂದ ಲಸಿಕೆ

ಮಗುವಿಗೆ ಇಂಜೆಕ್ಷನ್ ಹಾಕಿಸುವ ದಿನ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಆಶಾ ಕಾರ್ಯಕರ್ತೆ ಹೆಸರು ಕೂಗುತ್ತಾರೆ. ಸೂಜಿ ಚುಚ್ಚುವ ಮೊದಲೇ ಕೂಸು ಕಿರುಚುತ್ತದೆ. ತಾಯಿ ಮುಖ ಆ ಕಡೆ ತಿರುಗಿಸುತ್ತಾಳೆ. ರಾತ್ರಿ ಜ್ವರ, ಅಳು, ನಿದ್ದೆ ಇಲ್ಲ. ಮಾರನೇ ದಿನ ಕೂಸು ಏನೂ ಆಗದ ಹಾಗೆ ಆಡುತ್ತಿರುತ್ತದೆ, ತಾಯಿ ಮಾತ್ರ ಸೋತಿರುತ್ತಾಳೆ.

ಇನ್ನೂರು ವರ್ಷದ ಹಿಂದೆ ಇದು ಇನ್ನೂ ಕಷ್ಟವಾಗಿತ್ತು. ಆಗ ಸಿಡುಬು ಊರೂರನ್ನೇ ಖಾಲಿ ಮಾಡುತ್ತಿತ್ತು. ‘ಅಮ್ಮ ಬಂದಿದ್ದಾಳೆ’ ಅಂತ ಬೇವಿನ ಸೊಪ್ಪು ಕಟ್ಟಿ ಕೈಮುಗಿಯುತ್ತಿದ್ದ ಕಾಲ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕೋದು ಕಂಡುಕೊಂಡ. ಆದರೆ ಐಸ್ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಅದನ್ನು ದೂರದ ದೇಶಕ್ಕೆ ತರೋದು ಹೇಗೆ? ಮಕ್ಕಳ ತೋಳಿನ ಮೇಲೆಯೇ ತಂದರು. ಒಂದು ಮಗುವಿಗೆ ಲಸಿಕೆ ಹಾಕಿದ ಕಡೆ ಗುಳ್ಳೆ ಏಳುತ್ತದೆ. ಸುಮಾರು ಒಂದು ವಾರದ ಮೇಲೆ ಆ ಗುಳ್ಳೆಯ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಅಲ್ಲಿಂದ ಮತ್ತೊಂದಕ್ಕೆ. ಸರಪಳಿ ತುಂಡಾದರೆ ಲಸಿಕೆಯೂ ಮುಗಿಯಿತು.

ನಮ್ಮ ದೇಶದಲ್ಲಿ ಈ ಸರಪಳಿಯ ಮೊದಲ ಕೊಂಡಿ ಆನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಹೆಣ್ಣುಮಗು. 1802ರ ಜೂನ್ 14ರಂದು ಮುಂಬಯಿಯಲ್ಲಿ ಅವಳಿಗೆ ಲಸಿಕೆ ಹಾಕಿದರು. ಅವಳ ತೋಳಿಂದ ಹೊರಟದ್ದು ಊರಿಂದ ಊರಿಗೆ, ಮಗುವಿಂದ ಮಗುವಿಗೆ ದಾಟುತ್ತಾ ಮೈಸೂರಿಗೂ ಬಂತು. ಪ್ರತಿ ಕೊಂಡಿಯಲ್ಲೂ ಒಬ್ಬ ತಾಯಿ ಇದ್ದಳು. ಗುರುತಿಲ್ಲದ ಯಾರದೋ ಮಗುವಿನ ಗುಳ್ಳೆಯ ರಸ ತನ್ನ ಕೂಸಿಗೆ ಹಾಕಿಸಿಕೊಳ್ಳೋಕೆ ಅವಳು ಒಪ್ಪಬೇಕಿತ್ತು. ವಾರದ ಮೇಲೆ ತನ್ನ ಕೂಸಿನ ತೋಳನ್ನೂ ಮುಂದೆ ಚಾಚಬೇಕಿತ್ತು.

ಜನ ಹೆದರಿದರು. ಆಗ ಮುಂದೆ ಬಂದದ್ದು ಮೈಸೂರಿನ ಅರಮನೆಯ ಹೆಂಗಸರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕ. ಅವರ ಅಜ್ಜಿ ಲಕ್ಷ್ಮಮ್ಮಣ್ಣಿ ಮನೆಗೆ ಹಿರಿಯರು. ಬಾಲಕ ರಾಜನ ಕೈಹಿಡಿದ ದೇವಾಜಮ್ಮಣ್ಣಿಗೆ ಲಸಿಕೆ ಹಾಕಿಸಿದರು. 1805ರ ಸುಮಾರಿಗೆ ಥಾಮಸ್ ಹಿಕಿ ಅನ್ನೋ ಐರ್ಲೆಂಡಿನ ಚಿತ್ರಕಾರ ಬರೆದ ಒಂದು ಚಿತ್ರ ಇದೆ. ಅದರಲ್ಲಿ ಮೂವರು ಹೆಂಗಸರು ನಿಂತಿದ್ದಾರೆ. ಒಬ್ಬಾಕೆ ಸೀರೆಯ ಸೆರಗು ಸರಿಸಿ ತೋಳಿನ ಕಡೆ ಕೈ ತೋರಿಸುತ್ತಿದ್ದಾಳೆ. ಇವರು ಮೈಸೂರಿನ ರಾಣಿವಾಸದವರು, ಆ ಕೈ ಸನ್ನೆ ಲಸಿಕೆ ಹಾಕಿಸಿಕೊಂಡ ಜಾಗ ತೋರಿಸೋದಕ್ಕೆ ಅಂತ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ.

ಹೊರಗಿನವರ ಕಣ್ಣಿಗೆ ಬೀಳದ ರಾಣಿವಾಸದ ಹೆಣ್ಣುಮಗಳು ತೋಳು ತೋರಿಸಿದ್ದನ್ನು ನೋಡಿ ಊರಿನ ಜನರಿಗೂ ಧೈರ್ಯ ಬಂತು. ಅಜ್ಜಿ ಹೇಳಿದ ಮಾತನ್ನು ಮನೆ ನಂಬಿತು, ಮನೆಯನ್ನು ನೋಡಿ ಊರು ನಂಬಿತು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತಿನಿಂದಲೇ ಅದು ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಅಜ್ಜಿಯ ಚಾಚಿದ ಕಾಲು

ಹಳೇ ಮೈಸೂರಿನ ಮನೆಗಳಲ್ಲಿ ಕೂಸಿನ ಕೆಲಸ ಒಬ್ಬಳ ಕೆಲಸ ಆಗಿರಲಿಲ್ಲ. ಹಂಡೆಗೆ ನೀರು ತುಂಬಿ ಉರಿ ಹಾಕೋದು ಒಬ್ಬರು. ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿ ನೀರು ಹುಯ್ಯೋದು ಅಜ್ಜಿ ಅಥವಾ ಸೂಲಗಿತ್ತಿ. ನೀರು ಬಿದ್ದಾಗ ಓಣಿಗೆ ಕೇಳುವ ಹಾಗೆ ಕಿರುಚಿದ ಕೂಸು, ಸಾಂಬ್ರಾಣಿ ಹೊಗೆ ಹಿಡಿದು ಬಟ್ಟೆ ಸುತ್ತಿದ ಕೂಡಲೇ ಕಣ್ಣು ಮುಚ್ಚುತ್ತಿತ್ತು. ಹಳೇ ಹತ್ತಿಸೀರೆಯ ಜೋಲಿ ತೂಗೋದಕ್ಕೆ ಯಾರದಾದರೂ ಕೈ ಸಿಗುತ್ತಿತ್ತು. ದೃಷ್ಟಿ ಬೊಟ್ಟು ಇಡೋಕೆ ಅತ್ತೆ, ಎತ್ತಿಕೊಂಡು ತಿರುಗೋಕೆ ಚಿಕ್ಕಮ್ಮ, ರಂಪ ಜಾಸ್ತಿಯಾದರೆ ಹಸು ತೋರಿಸೋಕೆ ಮಾವ.

ಈ ಕಾಲ ಎಲ್ಲ ಚೆನ್ನಾಗಿತ್ತು ಅಂತ ಹೇಳೋಕಾಗಲ್ಲ. ಆ ತಾಯಂದಿರ ವಯಸ್ಸು ನೋಡಿ. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹದ ವಿರುದ್ಧ ಕಾಯಿದೆ ತಂದಾಗ, ಅದು ತಡೆದದ್ದು ಎಂಟು ವರ್ಷಕ್ಕಿಂತ ಸಣ್ಣ ಹುಡುಗಿಯರ ಮದುವೆಯನ್ನು. ಅಂದರೆ ಒಂಬತ್ತು ವರ್ಷದವಳ ಮದುವೆಗೆ ಕಾನೂನಿನ ಅಡ್ಡಿ ಇರಲಿಲ್ಲ. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಕೂಸು ಹೊತ್ತವಳು ತಾನೇ ಕೂಸು. ಅವಳ ಮೈ ಬೆಳೆದಿರಲಿಲ್ಲ, ಆಟದ ಆಸೆ ಮುಗಿದಿರಲಿಲ್ಲ.

ಬಾಣಂತನದ ಕಟ್ಟುಪಾಡುಗಳಲ್ಲೂ ಒಳ್ಳೇದು ಕೆಟ್ಟದ್ದು ಬೆರೆತಿತ್ತು. ಮೂರು ತಿಂಗಳು ಐದು ತಿಂಗಳು ತವರಲ್ಲಿ ಇಟ್ಟುಕೊಂಡು, ಕೆಲಸ ಮಾಡಿಸದೆ, ಬಿಸಿ ಊಟ ಕೊಟ್ಟು ಮಲಗಿಸುವುದು ಬಹಳ ಒಳ್ಳೇ ಪದ್ಧತಿ. ಆದರೆ ‘ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ’ ಅಂತ ಬಾಯಾರಿಸೋದು, ಸೊಪ್ಪು ತರಕಾರಿ ಹಣ್ಣು ‘ಶೀತ’ ಅಂತ ತೆಗೆಯೋದು ಅವಳನ್ನು ಒಳಗಿಂದ ಒಣಗಿಸುತ್ತಿತ್ತು. ಹಾಲೂಡಿಸುವವಳಿಗೆ ಎಲ್ಲರಿಗಿಂತ ಹೆಚ್ಚು ನೀರು, ಹೆಚ್ಚು ಊಟ ಬೇಕು.

1930ರ ಒಂದು ಆದೇಶ

ಒಂದು ಕೂಸು ಹಾಲು ಬಿಡುವ ಮೊದಲೇ ಇನ್ನೊಂದು ಹೊಟ್ಟೆಯಲ್ಲಿ, ಅದು ನಡೆಯುವ ಮೊದಲೇ ಮತ್ತೊಂದು. ನಮ್ಮ ಅಜ್ಜಿಯರ ಕಾಲದ ಬಹಳ ಮನೆಗಳ ಕಥೆ ಇದು. ಹತ್ತು ಹೆತ್ತು ನಾಲ್ಕು ಉಳಿಸಿಕೊಂಡವರು ಇದ್ದರು. ತಾಯಿಯ ಮೈಗೆ ಉಸಿರು ತೆಗೆದುಕೊಳ್ಳೋಕೆ ಬಿಡುವೇ ಇರಲಿಲ್ಲ.

1930ರ ಜೂನ್ 11ರಂದು ಮೈಸೂರು ಸರ್ಕಾರ ಒಂದು ಆದೇಶ ಹೊರಡಿಸಿತು. ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಬೇಕು ಅಂತ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲಿ ಇದೇ ಮೊದಲು ಅಂತ ಕುಟುಂಬ ಯೋಜನೆಯ ಇತಿಹಾಸ ಬರೆದವರು ಹೇಳುತ್ತಾರೆ. ಇದರ ಬಗ್ಗೆ ಬಾಯಿಬಿಟ್ಟು ಮಾತಾಡೋದೇ ನಾಚಿಕೆ ಅನ್ನುವ ಕಾಲ ಅದು.

ಕ್ಲಿನಿಕ್ ತೆರೆದ ಮಾತ್ರಕ್ಕೆ ಹಳ್ಳಿಯ ಸೊಸೆ ಅಲ್ಲಿಗೆ ಬರುವ ಹಾಗಿರಲಿಲ್ಲ. ಅತ್ತೆಗೆ ಹೇಳಬೇಕು, ಗಂಡ ಕರೆದುಕೊಂಡು ಬರಬೇಕು, ಬಂಡಿ ಹೂಡಬೇಕು. ಆದರೂ ಆ ಕಾಗದ ಒಂದು ಮಾತು ಒಪ್ಪಿಕೊಂಡಿತು. ಹೆರುವವಳ ಮೈಗೂ ವಿರಾಮ ಬೇಕು, ಅದು ಸರ್ಕಾರದ ಕೆಲಸವೂ ಹೌದು.

ತಕ್ಕಡಿ ಮತ್ತು ಲೆಡ್ಜರ್

ಮೈಸೂರಿನ ಮಂಡಿ ಮೊಹಲ್ಲಾದ ಕಡೆ ಹೋದರೆ ‘ಮಿಷನ್ ಆಸ್ಪತ್ರೆ’ ಎಲ್ಲಿ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅದರ ಹೆಸರು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. 1906ರಲ್ಲಿ ಕ್ರೈಸ್ತ ಮಿಷನ್ನಿನವರು ಕಟ್ಟಿದ್ದು. ಸುತ್ತಲೂ ದುಡಿಯುವ ಜನರ ಕೇರಿಗಳು. ಬೀಡಿ ಕಟ್ಟುತ್ತಾ, ಅಗರಬತ್ತಿ ಹೊಸೆಯುತ್ತಾ, ಮಡಿಲಲ್ಲಿ ಕೂಸು ಮಲಗಿಸಿಕೊಂಡೇ ದುಡಿದ ಹೆಂಗಸರ ಜಾಗ.

ಈ ಆಸ್ಪತ್ರೆಯಲ್ಲಿ 1934ರಿಂದ ಒಂದು ಅಭ್ಯಾಸ ನಡೆದುಕೊಂಡು ಬಂತು. ಹುಟ್ಟಿದ ಪ್ರತಿ ಕೂಸನ್ನೂ ತೂಕ ಮಾಡೋದು, ಉದ್ದ ಅಳೆಯೋದು, ತಲೆಯ ಸುತ್ತಳತೆ ನೋಡೋದು, ತಾಯಿಯ ತೂಕವನ್ನೂ ಸೇರಿಸಿ ಎಲ್ಲವನ್ನೂ ದಪ್ಪ ಲೆಡ್ಜರ್ ಪುಸ್ತಕದಲ್ಲಿ ಬರೆಯೋದು. ಅಳುವ, ಒದೆಯುವ, ಮೈಯೆಲ್ಲ ಜಾರುವ ಹಸುಗೂಸನ್ನು ತಕ್ಕಡಿಯಲ್ಲಿಟ್ಟು ಮುಳ್ಳು ನಿಲ್ಲುವವರೆಗೆ ಕಾಯೋದು ಸುಲಭದ ಕೆಲಸ ಅಲ್ಲ. ಈ ಅಂಕಿ ಯಾರಿಗೆ ಬೇಕು ಅಂತ ಕೇಳದೆ ಅಲ್ಲಿನ ಸಿಬ್ಬಂದಿ ಬರೆದಿಟ್ಟರು. ಪುಸ್ತಕಗಳೂ ಉಳಿದುಕೊಂಡವು.

ಅರವತ್ತು ವರ್ಷದ ಮೇಲೆ ಅವು ಬೇಕಾದವು. ತೊಂಬತ್ತರ ದಶಕದಲ್ಲಿ ಡಾಕ್ಟರ್ ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಗಾರರು ಆ ಲೆಡ್ಜರುಗಳಲ್ಲಿದ್ದ ‘ಕೂಸು’ಗಳನ್ನು ಹುಡುಕಿದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಆಸುಪಾಸಿನಲ್ಲೇ ಬದುಕುತ್ತಿದ್ದ 517 ಗಂಡಸರು ಹೆಂಗಸರು ಸಿಕ್ಕರು. ಅವರ ಹೃದಯ ಪರೀಕ್ಷೆ ಮಾಡಿ, ಹುಟ್ಟಿದ ದಿನದ ತೂಕದ ಜೊತೆ ಹೋಲಿಸಿದರು. 1996ರಲ್ಲಿ ‘ದಿ ಲ್ಯಾನ್ಸೆಟ್’ ಅನ್ನೋ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ಕಂಡದ್ದು ಇಷ್ಟು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು. 3.1 ಕಿಲೋಗಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. 45 ವರ್ಷ ದಾಟಿದವರಲ್ಲಿ ಇನ್ನೊಂದು ಸಂಗತಿ ಎದ್ದು ಕಂಡಿತು. ಯಾರು ಕಮ್ಮಿ ತೂಕದಲ್ಲಿ ಹುಟ್ಟಿದ್ದರೋ, ಜೊತೆಗೆ ಬಸುರಿಯಾಗಿದ್ದಾಗ ಯಾರ ತಾಯಿಯ ತೂಕ 45 ಕಿಲೋಗಿಂತ ಕಮ್ಮಿ ಇತ್ತೋ, ಅವರಲ್ಲಿ ನೂರಕ್ಕೆ 20 ಮಂದಿಗೆ ಆ ಕಾಯಿಲೆ.

ಸ್ವಲ್ಪ ನಿಂತು ಯೋಚಿಸಿ. ನಲವತ್ತರ ದಶಕದಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ತಿಂದ ಒಬ್ಬ ಬಸುರಿಯ ಹಸಿವು, ಐವತ್ತು ವರ್ಷ ಆದಮೇಲೂ ಅವಳ ಮಗನ ಎದೆಯಲ್ಲಿ ಗುರುತು ಬಿಟ್ಟಿರಬಹುದು. ಕಮ್ಮಿ ತೂಕದಲ್ಲಿ ಹುಟ್ಟಿದವರಿಗೆಲ್ಲ ಕಾಯಿಲೆ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಹೆಚ್ಚಿನವರಿಗೆ ಬರಲಿಲ್ಲ. ಆದರೆ ‘ಕೂಸು ಬಂದಮೇಲೆ ಚೆನ್ನಾಗಿ ನೋಡಿಕೊಂಡರಾಯಿತು’ ಅನ್ನೋ ಮಾತು ಸಾಲದು ಅಂತ ಈ ಲೆಡ್ಜರ್ ಹೇಳಿತು.

ಅದೇ ಪುಸ್ತಕಗಳು ಇನ್ನೊಂದು ಮಾತನ್ನೂ ಹೇಳಿದವು. ಸಕ್ಕರೆ ಕಾಯಿಲೆ ಹೆಚ್ಚು ಕಂಡದ್ದು ಸಣ್ಣ ಕೂಸುಗಳಲ್ಲಿ ಅಲ್ಲ, ಉದ್ದ ಕಮ್ಮಿಯಿದ್ದು ದಪ್ಪಗೆ ಹುಟ್ಟಿದವರಲ್ಲಿ, ಮೈತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಅಂದರೆ ಬಸುರಿಗೆ ಬರೀ ಅನ್ನ, ಬರೀ ಸಿಹಿ ತುರುಕಿದರೂ ಆಗಲಿಲ್ಲ. 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರ ಹೊಸ ಅಧ್ಯಯನ ಶುರುವಾಯಿತು. ಆ ಹೆಂಗಸರಲ್ಲಿ ನೂರಕ್ಕೆ ಆರು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಆಗ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಕರೆದು ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಅವರಿಗೆಲ್ಲ ಈಗ ಇಪ್ಪತ್ತೈದು ದಾಟಿದೆ.

ನಿಮ್ಮ ಮನೆಯ ‘ತಾಯಿ ಕಾರ್ಡ್’ ಕೂಡ ಅಂಥದ್ದೇ ಲೆಡ್ಜರಿನ ಒಂದು ಪುಟ. ತೂಕ, ರಕ್ತ, ಲಸಿಕೆ, ಎಲ್ಲ ಅದರಲ್ಲಿದೆ. ಹೆರಿಗೆ ಆಯಿತು ಅಂತ ಎಸೆಯಬೇಡಿ. ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ.

ಒಂದು ಬಟ್ಟಲು ಸರಿ

ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ದಿನಕ್ಕೆ ಮೂರು ಹೊತ್ತು ಯುದ್ಧ. ತಾಯಿ ಒಂದು ಚಮಚ ಸರಿ ಬಾಯಿಗಿಟ್ಟರೆ ಅರ್ಧ ಗಲ್ಲಕ್ಕೆ, ಅರ್ಧ ಅವಳ ಸೀರೆಗೆ. ಬೆಕ್ಕು ತೋರಿಸಬೇಕು, ಕಾಗೆ ಕರೆಯಬೇಕು. ‘ಇದೊಂದೇ ತುತ್ತು’ ಅಂತ ಹತ್ತು ಸಲ ಹೇಳಬೇಕು. ಕೊನೆಗೆ ಕೂಸು ಬಟ್ಟಲನ್ನೇ ತಲೆ ಮೇಲೆ ಬೋರಲು ಹಾಕಿಕೊಳ್ಳುತ್ತದೆ.

ಈ ಯುದ್ಧಕ್ಕೆ ಮೈಸೂರಿನ ವಿಜ್ಞಾನಿಗಳೂ ಇಳಿದಿದ್ದಾರೆ. ರಾಜಕುಮಾರಿ ಚೆಲುವಾಜಮ್ಮಣ್ಣಿಗಾಗಿ ಕಟ್ಟಿಸಿದ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಒಂದು ಸಂಶೋಧನಾಲಯ ಶುರುವಾಯಿತು. ಅದೇ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ. ಇದೇ ರಾಜಕುಮಾರಿಯ ಹೆಸರಿನ ಚೆಲುವಾಂಬ ಆಸ್ಪತ್ರೆಗೆ ಇಂದಿಗೂ ಮೈಸೂರು, ಮಂಡ್ಯ, ಚಾಮರಾಜನಗರದ ಹಳ್ಳಿಗಳಿಂದ ಬಸುರಿಯರು ಬರುತ್ತಾರೆ.

ಆಗ ಮಕ್ಕಳ ಹಾಲಿನ ಪುಡಿ ಡಬ್ಬ ಹೊರದೇಶದಿಂದ ಬರುತ್ತಿತ್ತು. ಎಮ್ಮೆ ಹಾಲಿನಿಂದ ಅಂಥ ಪುಡಿ ಮಾಡೋಕೆ ಆಗಲ್ಲ ಅನ್ನೋ ನಂಬಿಕೆ ಇತ್ತು. ಅದು ಆಗುತ್ತದೆ ಅಂತ 1950ರ ದಶಕದಲ್ಲಿ ಸಿಎಫ್‌ಟಿಆರ್‌ಐ ತೋರಿಸಿತು. ಗುಜರಾತಿನ ಆಣಂದಿನ ಹಾಲು ಸಹಕಾರ ಸಂಘ ಆ ವಿದ್ಯೆ ಬಳಸಿ ಅಮುಲ್ ಹೆಸರಿನಲ್ಲಿ ಮಕ್ಕಳ ಆಹಾರ ಮಾಡಿತು. ಆದರೆ ಡಬ್ಬದ ಹಾಲು ಬಂದ ಕಡೆ ಇನ್ನೊಂದು ತೊಂದರೆಯೂ ಬಂತು. ದುಡ್ಡು ಉಳಿಸೋಕೆ ನೀರು ಹೆಚ್ಚು ಬೆರೆಸೋದು, ಕುದಿಸದ ನೀರು, ತೊಳೆಯದ ಬಾಟಲಿ, ವಾಂತಿ ಭೇದಿ. ಇದನ್ನೆಲ್ಲ ನೋಡಿ 1992ರಲ್ಲಿ ದೇಶದ ಸರ್ಕಾರ ಕಾನೂನು ಮಾಡಿ ಶಿಶುಗಳ ಹಾಲಿನ ಪುಡಿಯ ಜಾಹೀರಾತು ನಿಲ್ಲಿಸಿತು. ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ ಸಾಕು, ನೀರೂ ಬೇಡ ಅನ್ನೋದು ಈಗ ಎಲ್ಲ ಡಾಕ್ಟರುಗಳೂ ಒಪ್ಪುವ ಮಾತು.

ಆರು ತಿಂಗಳ ಮೇಲೆ? ಇಲ್ಲಿ ನಮ್ಮ ಅಜ್ಜಿಯರ ಜಾಣತನಕ್ಕೆ ವಿಜ್ಞಾನ ಸಾಕ್ಷಿ ಹೇಳಿತು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡೋದು ಹಳೇ ಪದ್ಧತಿ. ಬರೀ ರಾಗಿ ಹಿಟ್ಟಿನ ಸರಿ ಬೇಗ ಗಟ್ಟಿಯಾಗುತ್ತದೆ. ಕೂಸು ನುಂಗಲಿ ಅಂತ ನೀರು ಸೇರಿಸುತ್ತೇವೆ. ಆಗ ಹೊಟ್ಟೆ ತುಂಬುತ್ತದೆ, ಸತ್ವ ಮಾತ್ರ ಕಮ್ಮಿ. ಮೊಳಕೆ ಬಂದ ರಾಗಿಯಲ್ಲಿ ಪಿಷ್ಟವನ್ನು ಕರಗಿಸುವ ಗುಣ ಇರುತ್ತದೆ. ಅದರ ಸರಿ ತೆಳ್ಳಗಿದ್ದರೂ ಅದರಲ್ಲಿ ಹಿಟ್ಟು ಹೆಚ್ಚು ಹಿಡಿಯುತ್ತದೆ. 1982ರಲ್ಲಿ ಸಿಎಫ್‌ಟಿಆರ್‌ಐನ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಮೊಳಕೆ ರಾಗಿಗೆ ಮೊಳಕೆ ಹೆಸರುಕಾಳು ಸೇರಿಸಿದ ಮಕ್ಕಳ ಆಹಾರದ ಬಗ್ಗೆ ಇದನ್ನು ಲೆಕ್ಕ ಹಾಕಿ ಬರೆದರು. ಕೂಸಿನ ಹೊಟ್ಟೆ ಸಣ್ಣದು. ಅದು ತಿನ್ನುವ ಎರಡು ಚಮಚದಲ್ಲೇ ಸತ್ವ ಇರಬೇಕು.

ಆದರೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸೋಕೆ ದಿನಗಟ್ಟಲೆ ಸಮಯ ಬೇಕು. ಆ ಸಮಯ ಕೊಡುತ್ತಿದ್ದದ್ದು ಅಜ್ಜಿಯ ಕೈ. ಅಜ್ಜಿ ಇಲ್ಲದ ಮನೆಯಲ್ಲಿ ತಾಯಿ ಬಿಸ್ಕತ್ತಿನ ಪ್ಯಾಕೆಟ್ ಒಡೆದರೆ ತಪ್ಪು ಅವಳೊಬ್ಬಳದೇ ಅಲ್ಲ.

ಮೈ ಜೊತೆಗೆ ಮನಸ್ಸು

ತಾಯಿಯ ಕಷ್ಟ ಅಂದರೆ ಮೈಯದ್ದು ಮಾತ್ರ ಅಲ್ಲ ಅಂತ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದವರು ಮೈಸೂರಿನಲ್ಲೇ ಬಾಳಿದ ತ್ರಿವೇಣಿ. ಮನಃಶಾಸ್ತ್ರ ಓದಿದ್ದವರು. ಅವರ ‘ಶರಪಂಜರ’ ಕಾದಂಬರಿಯ ಕಾವೇರಿಗೆ ಹೆರಿಗೆಯ ಮೇಲೆ ಮನಸ್ಸು ಕದಡುತ್ತದೆ. ಚಿಕಿತ್ಸೆ ಆಗಿ ಗುಣವಾಗಿ ಮನೆಗೆ ಬಂದರೂ ಮನೆಯವರು, ನೆರೆಯವರು ಅವಳನ್ನು ‘ಹುಚ್ಚಿ’ ಅಂತಲೇ ನೋಡುತ್ತಾರೆ. ಕಾಯಿಲೆಗಿಂತ ಆ ನೋಟವೇ ಅವಳನ್ನು ಮುರಿಯುತ್ತದೆ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ನಿಮ್ಮ ಅಮ್ಮಂದಿರು, ಅಜ್ಜಿಯಂದಿರು ನೋಡಿ ಅತ್ತಿರುತ್ತಾರೆ, ಕೇಳಿ ನೋಡಿ.

ತ್ರಿವೇಣಿಯವರ ಬದುಕೂ ಹೆರಿಗೆಯ ಹೊಸ್ತಿಲಲ್ಲೇ ಮುಗಿಯಿತು. ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, 1963ರ ಜುಲೈನಲ್ಲಿ ಅವರು ತೀರಿಕೊಂಡರು. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಓದಿದವರು, ಪಟ್ಟಣದವರು, ಹೆಸರು ಮಾಡಿದವರು. ಅವರಿಗೂ ಹೆರಿಗೆ ಅಂದರೆ ಜೀವದ ಜೊತೆ ಆಟವೇ ಆಗಿತ್ತು.

ಹೆರಿಗೆಯಾದ ಹೊಸದರಲ್ಲಿ ಸುಮ್ಮಸುಮ್ಮನೆ ಅಳು ಬರೋದು, ಕೂಸನ್ನು ನೋಡಿದರೂ ಏನೂ ಅನ್ನಿಸದೇ ಇರೋದು, ನಿದ್ದೆ ಬಂದರೂ ಮಲಗೋಕಾಗದೇ ಇರೋದು ನಮ್ಮ ಹಳ್ಳಿಗಳಲ್ಲೂ ಇದೆ. ‘ಗಾಳಿ ಸೋಕಿದೆ’ ಅಂತ ತಾಯತ ಕಟ್ಟುತ್ತೇವೆ, ಇಲ್ಲವೇ ‘ನಾವು ಹೆತ್ತಿಲ್ಲವಾ?’ ಅಂತ ಗದರುತ್ತೇವೆ. ಎರಡು ವಾರ ದಾಟಿದರೂ ಹೀಗೇ ಇದ್ದರೆ ಅದು ಕಾಯಿಲೆ ಇರಬಹುದು, ವಾಸಿಯಾಗುವ ಕಾಯಿಲೆ. ಅವಳು ತೀರಾ ಅಡ್ಡಾದಿಡ್ಡಿ ಮಾತಾಡಿದರೆ, ಸಾಯುವ ಮಾತಾಡಿದರೆ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಅಂದರೆ ಎರಡು ವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಶಾ ಕಾರ್ಯಕರ್ತೆಗೆ ಹೇಳಬಹುದು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ.

ತಿ. ನರಸೀಪುರದಲ್ಲಿ ಶುರುವಾದದ್ದು

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಮೊದಲು 100 ಅಂಗನವಾಡಿ. ಇವತ್ತು ನಿಮ್ಮೂರಿನ ಅಂಗನವಾಡಿಗೆ ತವರುಮನೆ ಅದು. ಕಾವೇರಿ ಕಪಿಲೆ ಕೂಡುವ ಊರಿನಲ್ಲಿ ಕೂಸಿನ ಕೆಲಸಕ್ಕೆ ಸರ್ಕಾರದ ಕೈಯೂ ಬಂದು ಕೂಡಿತು.

ಅಂಗನವಾಡಿ ಅಂದರೆ ಮಕ್ಕಳಿಗೆ ಉಪ್ಪಿಟ್ಟು ಕೊಡುವ ಜಾಗ ಅಂತ ಅಂದುಕೊಂಡವರೇ ಹೆಚ್ಚು. ಆದರೆ ಮೊದಲಿಂದಲೂ ಅದರಲ್ಲಿ ಬಸುರಿ ಬಾಣಂತಿಯರ ಪಾಲೂ ಇದೆ. 2017ರ ಅಕ್ಟೋಬರ್ 2ರಿಂದ ಕರ್ನಾಟಕದಲ್ಲಿ ‘ಮಾತೃಪೂರ್ಣ’ ಬಂತು. ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನ ಬಿಸಿ ಊಟ ಮಾಡಬೇಕು ಅನ್ನೋದು ಅದರ ಲೆಕ್ಕ. ಮನೆಗೆ ರೇಷನ್ ಕೊಟ್ಟರೆ ಅದು ಎಲ್ಲರ ತಟ್ಟೆಗೂ ಹಂಚಿ ಹೋಗುತ್ತದೆ, ಅವಳ ಪಾಲಿಗೆ ಉಳಿಯೋದು ಕಮ್ಮಿ. ಅವಳೇ ಕೂತು ಉಂಡರೆ ಅವಳ ಹೊಟ್ಟೆಗೇ ಹೋಗುತ್ತದೆ. ಆದರೆ ಹಸುಗೂಸು ಎತ್ತಿಕೊಂಡು ಬಿಸಿಲಲ್ಲಿ ನಡೆಯೋದು ಕಷ್ಟ, ಬಾಣಂತಿ ಹೊಸ್ತಿಲು ದಾಟಬಾರದು ಅನ್ನೋ ಹಿರಿಯರ ಮಾತು ಬೇರೆ. ಮಿಷನ್ ಆಸ್ಪತ್ರೆಯ ಲೆಡ್ಜರ್ ಕಥೆಯನ್ನು ಆ ಹಿರಿಯರಿಗೆ ಓದಿ ಹೇಳಿ.

ಕೂಲಿಗೆ ಹೋಗುವ ತಾಯಿಯ ಸಮಸ್ಯೆ ಇನ್ನೂ ದೊಡ್ಡದು. ಶಾಲೆಯ ಹಾಗೆ ಅಂಗನವಾಡಿಯಲ್ಲಿ ಕೂರೋಕೆ ಮೂರು ವರ್ಷ ಆಗಬೇಕು. ಅಲ್ಲಿವರೆಗೆ? ಹೊಲದ ಬದುವಿನ ಮರಕ್ಕೆ ಜೋಲಿ ಕಟ್ಟಿ, ಆರು ವರ್ಷದ ಅಕ್ಕನನ್ನು ಕಾವಲಿಗೆ ಕೂರಿಸಿ ಕಳೆ ಕೀಳಬೇಕು. ಅಕ್ಕನ ಶಾಲೆ ಅಲ್ಲಿಗೇ ನಿಂತಿತು. ಇದಕ್ಕಾಗಿಯೇ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯೋಕೆ ಶುರು ಮಾಡಿದರು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ? ಇದ್ದರೆ ಬಾಗಿಲು ತೆರೆದಿದೆಯಾ? ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಕೈಗಳು ಕಮ್ಮಿಯಾದ ಕಾಲ

ಇನ್ನೂರು ವರ್ಷದಲ್ಲಿ ಬಹಳ ಒಳ್ಳೇದಾಗಿದೆ. ಸಿಡುಬು ಹೋಯಿತು. ಹೆರಿಗೆಗೆ ಆಸ್ಪತ್ರೆ ಇದೆ. ಎಷ್ಟು ಮಕ್ಕಳು, ಯಾವಾಗ ಅನ್ನೋದರಲ್ಲಿ ಹೆಣ್ಣಿಗೂ ಸ್ವಲ್ಪ ಮಾತು ಸಿಕ್ಕಿದೆ. ಆದರೆ ಕೂಸು ಎತ್ತಿಕೊಳ್ಳುವ ಕೈಗಳು ಕಮ್ಮಿಯಾಗಿವೆ. ಮನೆ ಪಾಲಾಗಿವೆ. ಅಜ್ಜಿ ಒಂದೂರು, ಮಗಳು ಇನ್ನೊಂದೂರು. ಮೈಸೂರಿನ ಹೊಸ ಬಡಾವಣೆಯ ಬಾಡಿಗೆ ಮನೆಯಲ್ಲೋ, ಹಳ್ಳಿಯ ಹೊಸ ಆರ್‌ಸಿಸಿ ಮನೆಯಲ್ಲೋ ಒಬ್ಬಳೇ ತಾಯಿ, ಒಂದು ಕೂಸು, ಒಂದು ಫೋನು. ಅವಳು ಎರಡು ನಿಮಿಷ ಸ್ನಾನಕ್ಕೆ ಹೋಗಬೇಕಾದರೆ ಕೂಸಿನ ಕೈಗೆ ಆ ಫೋನೇ ಗತಿ. ಅವಳನ್ನು ಬೈಯುವ ಮೊದಲು ಆ ಎರಡು ನಿಮಿಷ ಕೂಸನ್ನು ಯಾರು ಎತ್ತಿಕೊಳ್ಳಬಹುದಿತ್ತು ಅಂತ ಕೇಳಿಕೊಳ್ಳಬೇಕು.

ಸಂತೋಷಕ್ಕೇನೂ ಬರ ಬಂದಿಲ್ಲ. ದಸರೆಗೆ ಮೆಟ್ಟಿಲು ಕಟ್ಟಿ ಜೋಡಿಸಿದ ಗೊಂಬೆಗಳನ್ನು ಅಂಬೆಗಾಲಿನ ಕೂಸು ಒಂದೇ ಏಟಿಗೆ ಎಳೆದು ಬೀಳಿಸಿ ಚಪ್ಪಾಳೆ ತಟ್ಟೋದು ಇವತ್ತೂ ನಡೆಯುತ್ತದೆ. 1892ರಲ್ಲಿ ಶುರುವಾದ ಮೈಸೂರು ಮೃಗಾಲಯಕ್ಕೆ ಬಸ್ಸು ಹತ್ತಿ ಕರೆದುಕೊಂಡು ಹೋದರೆ, ಆನೆ ಜಿರಾಫೆ ಬಿಟ್ಟು ದಾರಿಯ ಇರುವೆ ಸಾಲನ್ನೇ ಅರ್ಧ ಗಂಟೆ ನೋಡುತ್ತಾ ಕೂರುವ ಕೂಸುಗಳು ಇವತ್ತೂ ಇವೆ. ನಂಜನಗೂಡಿನಲ್ಲಿ ಮುಡಿ ಕೊಡುವಾಗ ಕಿರುಚಾಡಿ, ಆಮೇಲೆ ತನ್ನ ಬೋಳು ತಲೆಯನ್ನು ತಾನೇ ಸವರಿಕೊಂಡು ಬೆರಗಾಗೋದನ್ನು ನೋಡಿದವರು ಮರೆಯೋದಿಲ್ಲ. ಇದನ್ನೆಲ್ಲ ಅನುಭವಿಸೋಕೆ ತಾಯಿಗೆ ಮೈಯಲ್ಲಿ ಶಕ್ತಿ, ಕಣ್ಣಿಗೆ ಒಂದಿಷ್ಟು ನಿದ್ದೆ ಬೇಕು, ಅಷ್ಟೇ.

ದೊಡ್ಡ ಯೋಜನೆಗಳು ಬರುವಾಗ ಬರಲಿ. ಮನೆಯಲ್ಲಿ ಆಗುವುದು ಇಷ್ಟಿದೆ. ಬಸುರಿ ಬಾಣಂತಿಗೆ ಎಲ್ಲರ ಜೊತೆಗೆ, ಆದರೆ ಎಲ್ಲರಿಗಿಂತ ಮೊದಲು ಬಡಿಸಿ. ಮೊಟ್ಟೆಯೋ ಕಾಳೋ ಸೊಪ್ಪೋ ಅವಳ ತಟ್ಟೆಯಲ್ಲಿರಲಿ. ಒಂದು ಕೂಸಿಗೂ ಇನ್ನೊಂದಕ್ಕೂ ಕನಿಷ್ಠ ಮೂರು ವರ್ಷ ಅಂತರ ಇರಲಿ. ಆ ಮಾತನ್ನು ಗಂಡನೇ ಮೊದಲು ಎತ್ತಲಿ. ಅವಳು ಅತ್ತರೆ ಗದರದೆ ಕೇಳಿ. ಸಂಜೆ ಅರಳೀಕಟ್ಟೆಗೆ ಹೋಗುವ ಗಂಡಸರು ಕೂಸನ್ನೂ ಹೆಗಲಿಗೆ ಹಾಕಿಕೊಂಡು ಹೋಗಿ. ಒಂದು ಗಂಟೆ ಸಾಕು. ಅಷ್ಟರಲ್ಲಿ ಅವಳು ತಲೆ ಬಾಚಿಕೊಂಡು, ಬಿಸಿ ಇರುವಾಗಲೇ ಕೂತು ಮುದ್ದೆ ಉಣ್ಣುತ್ತಾಳೆ.